‘ಸೈನ್ಸ್ ಕರೆಕ್ಟಾ?’ ಅಂತ ಕೇಳುವವರಿಗೆ

‘ದಿ ಎಕ್ಸ್‌ಪ್ಯಾನ್ಸ್’ ಎಂಬ ಬಾಹ್ಯಾಕಾಶ ಕಥೆಯ ಟಿವಿ ಸೀರಿಯಲ್ ಪೂರ್ತಿ ನೋಡಿದವರು, ಎರಡು ಎಪಿಸೋಡಿಗೇ ಬಿಟ್ಟವರು, ಎಲ್ಲರೂ ಕೇಳುವುದು ಒಂದೇ: ‘ಅದರಲ್ಲಿ ಸೈನ್ಸ್ ಕರೆಕ್ಟಾ? ಹೌದೋ ಇಲ್ಲವೋ ಹೇಳಿಬಿಡಿ.’ ಹೇಳುವುದಿಲ್ಲ. 2015ರಿಂದ ಆರು ಸೀಸನ್ ಓಡಿದ ಸೀರಿಯಲ್ಲಿಗೆ ಒಂದೇ ಪದದಲ್ಲಿ ಸರ್ಟಿಫಿಕೇಟು ಬರೆದುಕೊಡಲು ಆಗದು. ಇನ್ನು ಕೆಲವರು, ‘ಅದರ ತಯಾರಿಯ ಮುಖ್ಯಸ್ಥ, ಅಂದರೆ ಶೋರನ್ನರ್, ನರೇನ್ ಶಂಕರ್ ಕಾರ್ನೆಲ್‌ನಲ್ಲಿ ಅನ್ವಯಿಕ ಭೌತಶಾಸ್ತ್ರದ ಪಿಎಚ್‌ಡಿ ಮಾಡಿದವರು, ಹಾಗಾದರೆ ಸರಿಯೇ ಇರಬೇಕಲ್ಲ’ ಅನ್ನುತ್ತಾರೆ. ಡಿಗ್ರಿ ನೋಡಿ ದೃಶ್ಯವನ್ನು ನಂಬುವುದಾದರೆ ಲೆಕ್ಕ ಯಾಕೆ ಬೇಕು?

ಅಭಿಮಾನಿಗಳು ಬಹಳ ಮೆಚ್ಚುವ ದೃಶ್ಯವನ್ನೇ ತೆಗೆದುಕೊಳ್ಳಿ. ಸೆರೆಸ್ ಕ್ಷುದ್ರಗ್ರಹವನ್ನು ಗಿರಗಿರ ತಿರುಗಿಸಿ ಒಳಗೆ 0.3 ಜಿಯಷ್ಟು (ಒಂದು ಜಿ ಅಂದರೆ ಭೂಮಿಯ ಮೇಲಿನ ಗುರುತ್ವ) ಕೃತಕ ಗುರುತ್ವ ಮಾಡಿಕೊಂಡಿದ್ದಾರೆ. ಅಲ್ಲಿ ಲೋಟಕ್ಕೆ ಮದ್ಯ ಸುರಿದರೆ ಧಾರೆ ಪಕ್ಕಕ್ಕೆ ವಾಲುತ್ತದೆ. ತಿರುಗುವ ಜಾಗದಲ್ಲಿ ಬೀಳುವ ವಸ್ತು ನೇರ ದಾರಿ ಬಿಟ್ಟು ಪಕ್ಕಕ್ಕೆ ಸರಿದಂತೆ ಕಾಣುವ ಕೊರಿಯೊಲಿಸ್ ಪರಿಣಾಮ, ಆಹಾ! ಈಗ ಲೆಕ್ಕ ಹಾಕಿ. ಸೆರೆಸ್‌ನ ತ್ರಿಜ್ಯ ಸುಮಾರು 470 ಕಿಲೋಮೀಟರ್. ಅದರ ಸ್ವಂತ ಗುರುತ್ವವನ್ನು ಮೀರಿ 0.3 ಜಿ ಸಿಗಬೇಕಾದರೆ ಸುಮಾರು 40 ನಿಮಿಷಕ್ಕೊಂದು ಸುತ್ತು ಹಾಕಬೇಕು. ಈಗ ಅದು ಒಂದು ಸುತ್ತಿಗೆ 9 ಗಂಟೆ ತೆಗೆದುಕೊಳ್ಳುತ್ತದೆ. 40 ನಿಮಿಷದ ಸುತ್ತಿನಲ್ಲಿ 20 ಸೆಂಟಿಮೀಟರ್ ಎತ್ತರದಿಂದ ಸುರಿದ ಧಾರೆ ವಾಲುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ಒಂದು ಕೂದಲೆಳೆಯ ದಪ್ಪ. ಕಣ್ಣಿಗೆ ಕಾಣುವುದೇ ಇಲ್ಲ. ಅದೇ 0.3 ಜಿಯನ್ನು 67 ಮೀಟರ್ ತ್ರಿಜ್ಯದ, ನಿಮಿಷಕ್ಕೆ ಎರಡು ಸುತ್ತು ಹಾಕುವ ಡ್ರಮ್ಮಿನಲ್ಲಿ ಪಡೆದರೆ ಧಾರೆ ಒಂದು ಸೆಂಟಿಮೀಟರ್ ವಾಲುತ್ತದೆ. ದೃಶ್ಯದ ಹಿಂದಿನ ನಿಯಮ ಸರಿ, ಜಾಗ ತಪ್ಪು. ಜೊತೆಗೆ ಆ ವೇಗದಲ್ಲಿ ಸೆರೆಸ್‌ನ ಸಮಭಾಜಕದ ಬಳಿ ಹೊರಕ್ಕೆ ಎಸೆಯುವ ಬಲ ಅದರ ಗುರುತ್ವದ ಹತ್ತು ಪಟ್ಟಿಗಿಂತ ಹೆಚ್ಚು. ಮಂಜುಗಡ್ಡೆ, ಜೇಡಿಮಣ್ಣಿನ ಆ ಮೈ ಒಡೆದು ಚದುರಿಹೋಗುತ್ತದೆ.

ಇನ್ನು ಬಾಹ್ಯಾಕಾಶ ಹಡಗಿನ ಎಂಜಿನ್. ಮಂಗಳ ಹತ್ತಿರವಿದ್ದಾಗಿನ 5.6 ಕೋಟಿ ಕಿಲೋಮೀಟರ್ ದಾರಿಯನ್ನು ಮೂರನೇ ಒಂದು ಜಿ ವೇಗೋತ್ಕರ್ಷದಲ್ಲಿ, ನಡುದಾರಿಯಲ್ಲಿ ಹಡಗನ್ನು ತಿರುಗಿಸಿ ಬ್ರೇಕ್ ಹಾಕುತ್ತಾ ಹೋದರೆ ಮೂರು ದಿನ ಸಾಕು. ಹೈಡ್ರೋಜನ್-ಆಕ್ಸಿಜನ್ ರಾಕೆಟ್ಟಿನಲ್ಲಿ ಇದನ್ನು ಮಾಡಲು ಬೇಕಾಗುವ ಇಂಧನ ಹಡಗಿನ ತೂಕದ ಎಷ್ಟು ಪಟ್ಟು ಗೊತ್ತೇ? 1ರ ಮುಂದೆ 82 ಸೊನ್ನೆ. ಅದಕ್ಕೇ ಕಥೆಯಲ್ಲಿ ‘ಎಪ್‌ಸ್ಟೈನ್ ಡ್ರೈವ್’ ಎಂಬ ಫ್ಯೂಷನ್ (ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ) ಎಂಜಿನ್ ಕಲ್ಪಿಸಿದ್ದಾರೆ. ಸೆಕೆಂಡಿಗೆ 3,000 ಕಿಲೋಮೀಟರ್ ವೇಗದಲ್ಲಿ ಅನಿಲ ಉಗುಳಿದರೆ ಇಂಧನ ಹೊರಡುವಾಗಿನ ತೂಕದ ಕಾಲು ಭಾಗಕ್ಕಿಳಿಯುತ್ತದೆ. ಆದರೆ ಸಾವಿರ ಟನ್ನಿನ ಹಡಗಿಗೂ ಆಗ ಸುಮಾರು 5 ಟೆರಾವ್ಯಾಟ್ ಬೇಕು, ಇಡೀ ಜಗತ್ತಿನ ಸರಾಸರಿ ವಿದ್ಯುತ್ ಬಳಕೆಗಿಂತ ಜಾಸ್ತಿ. ಅದರಲ್ಲಿ ನೂರಕ್ಕೆ ಒಂದು ಪಾಲು ಶಾಖವಾಗಿ ಹಡಗಿನಲ್ಲೇ ಉಳಿದರೂ, 1500 ಕೆಲ್ವಿನ್‌ನಲ್ಲಿ ಕೆಂಪಗೆ ಕಾದ ಒಂದೂಮುಕ್ಕಾಲು ಲಕ್ಷ ಚದರ ಮೀಟರಿನಷ್ಟು ರೇಡಿಯೇಟರ್, ಅಂದರೆ ಶಾಖ ಹೊರಸೂಸುವ ಫಲಕ, ಬೇಕು. ಕಥಾನಾಯಕರ ರೊಸಿನಾಂಟೆ ಹಡಗಿನಲ್ಲಿ ಅಂಥದ್ದೇನೂ ಕಾಣುವುದಿಲ್ಲ.

ಹಾಗಾದರೆ ಸೀರಿಯಲ್ ಕೆಟ್ಟದ್ದಾ? ನನ್ನ ಮಟ್ಟಿಗೆ ಟಿವಿಯಲ್ಲಿ ಬಂದ ಅತ್ಯುತ್ತಮ ವೈಜ್ಞಾನಿಕ ಕಥೆಗಳಲ್ಲಿ ಅದೂ ಒಂದು. ದಯವಿಟ್ಟು ಹೀಗೆ ಕೇಳಿ: ಇದು ಎಷ್ಟು ಸುಳ್ಳು ಹೇಳುತ್ತದೆ, ಹೇಳಿದ ಸುಳ್ಳಿಗೆ ಕೊನೆತನಕ ಬದ್ಧವಾಗಿದೆಯೇ? ಎಂಜಿನ್ ಎಂಬ ಒಂದು ಸುಳ್ಳನ್ನು ಒಪ್ಪಿಕೊಂಡ ಮೇಲೆ ಹಡಗಿನೊಳಗಿನ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ಹಡಗಿನ ಡೆಕ್‌ಗಳು ಕಟ್ಟಡದ ಮಹಡಿಗಳಂತೆ ಎಂಜಿನ್ನಿನ ಮೇಲೆ ಒಂದರ ಮೇಲೊಂದು ಕೂತಿವೆ. ವೇಗ ಹೆಚ್ಚಿಸಿದರೆ ಮೈ ಜಜ್ಜುತ್ತದೆ, ಅದಕ್ಕೇ ಔಷಧಿ ಚುಚ್ಚುವ ಕುರ್ಚಿಗಳು. ಎಂಜಿನ್ ನಿಲ್ಲಿಸಿದರೆ ಎಲ್ಲವೂ ತೇಲುತ್ತದೆ.

ಕನ್ವೆನ್ಷನ್ನಿನಲ್ಲಿ, ಅಂದರೆ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೇಳದಲ್ಲಿ, ಪ್ಯಾನೆಲ್ (ವೇದಿಕೆ ಚರ್ಚೆ) ಇಡುವವರೂ ಇಲ್ಲೇ ಎಡವುತ್ತಾರೆ. ‘ಸೈನ್ಸ್ ಸರಿಯೇ?’ ಅಂತ ಶೀರ್ಷಿಕೆ ಕೊಟ್ಟರೆ ಐದು ಜನ ವೇದಿಕೆ ಮೇಲೆ ಕೂತು ತಲೆಗೊಂದು ಅಭಿಪ್ರಾಯ ಹೇಳಿ ಎದ್ದುಹೋಗುತ್ತಾರೆ. ವರ್ಲ್ಡ್‌ಕಾನ್ ಥರದ್ದು ಸ್ವಯಂಸೇವಕರು ನಡೆಸುವ ಮೇಳ. ಅಲ್ಲಿಗೆ ದುಡ್ಡು ಕೊಟ್ಟು ಸದಸ್ಯರಾಗಿ ಬಂದವರ ಒಂದು ಗಂಟೆಯನ್ನು ಹಾಗೆ ಹಾಳು ಮಾಡಬಾರದು. ಒಂದೇ ದೃಶ್ಯ ಆರಿಸಿ. ಮೇಲಿನ ಮದ್ಯದ ಧಾರೆಯೇ ಸಾಕು. ಮಾತಾಡುವವರು ಮೂವರು, ನಡೆಸಿಕೊಡುವವರು ಬೇರೆ ಒಬ್ಬರು. ನಡೆಸಿಕೊಡುವವರೇ ಭಾಷಣಕ್ಕೆ ಇಳಿದರೆ ಸಮಯ ನೋಡುವವರಿರುವುದಿಲ್ಲ. ಒಂದು ಗಂಟೆ ಕೊಟ್ಟರೆ 50 ನಿಮಿಷ ಅಂದುಕೊಳ್ಳಿ, ಮುಂದಿನವರಿಗೆ ಕೋಣೆ ಬಿಡಬೇಕಲ್ಲ. ಪರಿಚಯಕ್ಕೆ ಮೂರು ನಿಮಿಷ, ಕ್ಲಿಪ್ಪಿಗೆ ಒಂದು, ಲೆಕ್ಕಕ್ಕೆ ಹದಿನೈದು, ವಾದಕ್ಕೆ ಹತ್ತು, ಉಳಿದದ್ದು ಸಭಿಕರಿಗೆ. ಕ್ಲಿಪ್ಪನ್ನು ಮೊದಲೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಿ, ನೂರಾರು ಫೋನು ಸೇರಿದ ಕಡೆ ವೈಫೈ ನಂಬಬೇಡಿ. ಎಚ್‌ಡಿಎಂಐ ಅಡಾಪ್ಟರ್ ಕೈಯಲ್ಲಿರಲಿ, ಸೌಂಡು ಸಭಾಂಗಣದ ಸ್ಪೀಕರಿಗೆ ಹೋಗುತ್ತದಾ ಅಂತ ಮೊದಲೇ ನೋಡಿ. ಲೆಕ್ಕವನ್ನು ವೇದಿಕೆ ಮೇಲೆ ಮೊದಲ ಸಲ ಹಾಕಬೇಡಿ, ಸೊನ್ನೆ ತಪ್ಪುತ್ತದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕು ಕೊಟ್ಟರೆ ಐದು ನಿಮಿಷ ಮಾತಾಡಿ ಪ್ರಶ್ನೆಯನ್ನೇ ಕೇಳದವರು ಇದ್ದೇ ಇರುತ್ತಾರೆ. ‘ಕರೆಕ್ಟಾ?’ ಅಂತಷ್ಟೇ ಬರೆದ ಚೀಟಿಗಳನ್ನು ಪಕ್ಕಕ್ಕಿಟ್ಟು, ಒಂದಾದರೂ ಅಂಕಿ ಇರುವ ಚೀಟಿಯನ್ನು ಮೊದಲು ಓದಿ.