ಮಾಲೋಕಿನಿಸ್ ನಿಜಕ್ಕೂ ಒಲಿಂಪಿಕ್ ಚಾಂಪಿಯನ್ನೇ?

ಒಲಿಂಪಿಕ್ಸ್ ಇತಿಹಾಸದ ಬಗ್ಗೆ ನಾನು ಬರೆಯುವುದನ್ನು ಬಲ್ಲವರು, ಅದರಲ್ಲೂ ಮಕ್ಕಳನ್ನು ಈಜು ತರಬೇತಿಗೆ ಕಳುಹಿಸುವ ತಂದೆತಾಯಂದಿರು, ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಗ್ರೀಸಿನ ಇಯೊನ್ನಿಸ್ ಮಾಲೋಕಿನಿಸ್ ನೂರು ಮೀಟರ್ ಈಜಲು 2 ನಿಮಿಷ 20.4 ಸೆಕೆಂಡು ತೆಗೆದುಕೊಂಡನಂತೆ. ನಮ್ಮ ಮಗಳೇ ಅದಕ್ಕಿಂತ ಬೇಗ ಈಜುತ್ತಾಳೆ, ಹಾಗಿರುವಾಗ ಆತ ಒಲಿಂಪಿಕ್ ಚಾಂಪಿಯನ್ ಆದದ್ದು ಹೇಗೆ?

ನೀರು ತಣ್ಣಗಿತ್ತು, ಅಲೆಗಳೆದ್ದಿದ್ದವು ಎಂದು ಸಮಾಧಾನ ಹೇಳಿಬಿಡಬಹುದು. ಏಪ್ರಿಲ್ 11ರಂದು ಪಿರೇಯಸ್ ಬಂದರಿನ ಝೇಯಾ ಕೊಲ್ಲಿಯಲ್ಲಿ ಸಮುದ್ರದ ನೀರು ಸುಮಾರು 13 ಡಿಗ್ರಿ ಸೆಲ್ಸಿಯಸ್ ಇತ್ತೆಂಬುದೂ, ಅಲ್ಲಿ ಈಜುಕೊಳವಾಗಲಿ ಕಣ್ಣಿಗೆ ಕನ್ನಡಕವಾಗಲಿ ಇರಲಿಲ್ಲವೆಂಬುದೂ ನಿಜ. ಆದರೆ ಅದೇ ದಿನ, ಅದೇ ನೀರಿನಲ್ಲಿ ಹಂಗೇರಿಯ ಆಲ್ಫ್ರೆಡ್ ಹಾಯೋಷ್ ನೂರು ಮೀಟರನ್ನು 1 ನಿಮಿಷ 22.2 ಸೆಕೆಂಡುಗಳಲ್ಲಿ ಮುಗಿಸಿದ್ದ. ಅಂದರೆ ಇಬ್ಬರ ನಡುವಿನ ಅಂತರ 58 ಸೆಕೆಂಡಿಗೂ ಹೆಚ್ಚು. ಆದ್ದರಿಂದ ಚಳಿಯ ಮೇಲೆ ತಪ್ಪು ಹೊರಿಸುವುದು ಸರಿಯೆನಿಸುವುದಿಲ್ಲ.

ಉತ್ತರವಿರುವುದು ಸ್ಪರ್ಧೆಯ ನಿಯಮದಲ್ಲಿ. ಅಂದು ನಡೆದ ನಾಲ್ಕು ಈಜು ಸ್ಪರ್ಧೆಗಳಲ್ಲಿ ಒಂದು ಗ್ರೀಸಿನ ರಾಜ ನೌಕಾದಳದ ನಾವಿಕರಿಗೆ ಮಾತ್ರ ಮೀಸಲಾಗಿತ್ತು. ಹೆಸರು ಕೊಟ್ಟವರು ಹನ್ನೊಂದು ಮಂದಿ, ನೀರಿಗಿಳಿದವರು ಮೂವರು: ಮಾಲೋಕಿನಿಸ್, ಸ್ಪಿರಿಡಾನ್ ಖಝಾಪಿಸ್, ಡಿಮಿಟ್ರಿಯೋಸ್ ಡ್ರಿವಾಸ್. ದಡ ಸೇರಿದ್ದೂ ಇದೇ ಕ್ರಮದಲ್ಲಿ. ಹಾಯೋಷ್ ಎಂಬ ಪದಕ್ಕೆ ಹಂಗೇರಿಯನ್ ಭಾಷೆಯಲ್ಲಿ ನಾವಿಕನೆಂದೇ ಅರ್ಥ. ಹುಟ್ಟುಹೆಸರು ಆರ್ನಾಲ್ಡ್ ಗುಟ್ಮನ್ ಆಗಿದ್ದ ಆತ ತಾನಾಗಿ ಇಟ್ಟುಕೊಂಡ ಹೆಸರಿದು. ಆದರೆ ನಾವಿಕರ ಸ್ಪರ್ಧೆಗೆ ಹೆಸರೊಂದೇ ಸಾಲುತ್ತಿರಲಿಲ್ಲ.

ಹಾಗೆಂದು ಗ್ರೀಕರು ಮೀಸಲು ಸ್ಪರ್ಧೆಯ ಆಸರೆಯಲ್ಲೇ ಉಳಿದರೆಂದು ಭಾವಿಸಬಾರದು. ಎಲ್ಲರಿಗೂ ಮುಕ್ತವಾಗಿದ್ದ 500 ಮೀಟರಿನಲ್ಲಿ ಆಸ್ಟ್ರಿಯಾದ ಪಾಲ್ ನ್ಯೂಮನ್ ಗೆದ್ದಾಗ ಆಂಟೋನಿಯೋಸ್ ಪೆಪಾನೋಸ್ ಎರಡನೆಯವನಾದ. 1200 ಮೀಟರಿಗೆ ಸ್ಪರ್ಧಿಗಳನ್ನು ದೋಣಿಯಲ್ಲಿ ತೆರೆದ ಸಮುದ್ರಕ್ಕೆ ಒಯ್ದು ದಡದತ್ತ ಈಜಲು ಬಿಟ್ಟರು. ಮೈಗೆ ದಪ್ಪನಾಗಿ ಕೊಬ್ಬು ಬಳಿದುಕೊಂಡಿದ್ದ ಹಾಯೋಷ್, ಅಲ್ಲಿ ಗೆಲ್ಲುವ ಆಸೆಗಿಂತ ಬದುಕಿಕೊಳ್ಳುವ ಆಸೆಯೇ ದೊಡ್ಡದಾಗಿತ್ತೆಂದು ಮುಂದೆ ನೆನಪಿಸಿಕೊಂಡಿದ್ದಾನೆ. ಅಲ್ಲಿಯೂ ಅವನ ಹಿಂದೆ ಬಂದವನು ಗ್ರೀಸಿನ ಇಯೊನ್ನಿಸ್ ಆಂಡ್ರಿಯೂ. ನನಗೆ ಹೆಚ್ಚು ಕನಿಕರವೆನಿಸುವುದು ಎಫ್‌ಸ್ಟಾಥಿಯೋಸ್ ಖೊರಾಫಾಸ್ ಬಗ್ಗೆ. 500 ಮತ್ತು 1200 ಮೀಟರ್ ಎರಡರಲ್ಲೂ ಮೂರನೆಯವನಾದ ಈತ ಅಂದು ಬರಿಗೈಯಲ್ಲಿ ಮನೆಗೆ ಹೋಗಬೇಕಾಯಿತು, ಏಕೆಂದರೆ ಆ ಕ್ರೀಡಾಕೂಟದಲ್ಲಿ ಗೆದ್ದವರಿಗೆ ಬೆಳ್ಳಿ ಪದಕ, ಆಲಿವ್ ಕೊಂಬೆ, ಎರಡನೆಯವರಿಗೆ ಕಂಚಿನ ಪದಕ, ಲಾರೆಲ್ ಕೊಂಬೆ ಇದ್ದವೇ ಹೊರತು ಮೂರನೆಯವರಿಗೆ ಏನೂ ಇರಲಿಲ್ಲ. ಚಿನ್ನ, ಬೆಳ್ಳಿ, ಕಂಚೆಂಬ ಲೆಕ್ಕವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹಚ್ಚಿದ್ದು ಬಹಳ ಕಾಲದ ನಂತರ.

ಆ ಲೆಕ್ಕದಲ್ಲಿ 1896ರ ಗ್ರೀಸಿನ ಹತ್ತು ಚಿನ್ನಗಳಲ್ಲಿ ಮಾಲೋಕಿನಿಸನದೂ ಒಂದು. ಕಾರ್ಯಕ್ರಮಪಟ್ಟಿಯಲ್ಲಿದ್ದ ಸ್ಪರ್ಧೆಯಲ್ಲಿ, ಅದರ ನಿಯಮದಂತೆ ಮೊದಲು ಬಂದವನು ಚಾಂಪಿಯನ್. ಮೀಸಲಾತಿ ವಿಚಿತ್ರವೆನಿಸಿದರೆ ಪ್ರಶ್ನಿಸಬೇಕಾದದ್ದು ಆಯೋಜಕರನ್ನು, ಈಜಿದವನನ್ನಲ್ಲ. ಆತನ ಒಲಿಂಪಿಕ್ ಜೀವನ ಆ ಒಂದೇ ಸ್ಪರ್ಧೆಗೆ ಮುಗಿಯಿತು. ನಾವಿಕರ ಈಜು ಮತ್ತಾವ ಒಲಿಂಪಿಕ್ಸಿನಲ್ಲೂ ನಡೆಯದ ಕಾರಣ, ಅದರಲ್ಲಿನ ಅತ್ಯುತ್ತಮ ಸಮಯ ಇವತ್ತಿಗೂ 2 ನಿಮಿಷ 20.4 ಸೆಕೆಂಡೇ.