ಡೈರೆಕ್ಟ್ ಕೊಡುವನಾ ಟೀಚರೇ?

"ಇದೊಂದು ಉಪದ್ರ. ತೆಗೆದು ಡೈರೆಕ್ಟ್ ಕೊಡುವನಾ ಟೀಚರೇ? ಎಲ್ಲರ ಮನೆಯಲ್ಲೂ ಹಾಗೇ ಮಾಡಿ ಕೊಟ್ಟದ್ದು."

ಮಂಗಳವಾರ ವಯರಿಂಗಿನ ಹುಡುಗ ಹೇಳಿದ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಉಪದ್ರ ಎಂದದ್ದು ಮೀಟರ್ ಪಕ್ಕದ ಇಎಲ್‌ಸಿಬಿಗೆ. ಕರೆಂಟು ಲೀಕ್ ಆದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ ಅದು. ಡೈರೆಕ್ಟ್ ಅಂದರೆ ಅದನ್ನು ತೆಗೆದು ಲೈನನ್ನು ನೇರ ಜೋಡಿಸುವುದು. ಆಟಿಯ ಮಳೆ ಹಿಡಿದಾಗಿನಿಂದ ಅದು ರಾತ್ರಿಯಿಡೀ ಟಪ್ಪೆಂದು ಬೀಳುತ್ತಿತ್ತು. ಟಾರ್ಚ್ ಹಿಡಿದು ಹೋಗಿ ಎತ್ತಬೇಕು, ಹಾಸಿಗೆಗೆ ಬರುವಷ್ಟರಲ್ಲಿ ಮತ್ತೆ ಟಪ್. ಮಾವನವರದ್ದು ಒಂದೇ ರಾಗ: "ಇದಿಲ್ಲದ ಕಾಲದಲ್ಲಿ ನಾವು ಬದುಕಲಿಲ್ಲವಾ?" ಬದುಕಿ ಉಳಿದವರಷ್ಟೇ ಕೇಳಬಹುದಾದ ಪ್ರಶ್ನೆ.

ಹುಡುಗ ಕೆಲಸದಲ್ಲಿ ಚುರುಕು. ಬದಿಯಡ್ಕದಿಂದ ನೀರ್ಚಾಲಿನವರೆಗೆ ಯಾರ ಮನೆಯ ಗ್ರೈಂಡರ್ ನಿಂತರೂ ಅವನೇ ಬರಬೇಕು. ನನ್ನ ಹತ್ತಿರ ಕನ್ನಡ, ಫೋನಿನಲ್ಲಿ ಮಲಯಾಳ, ಬಿಗಿಯಾದ ಸ್ಕ್ರೂವಿಗೆ ಬಯ್ಯುವಾಗ ತುಳು. ಅಂಥವನೇ "ಡೈರೆಕ್ಟ್ ಕೊಡುವನಾ" ಅಂದರೆ!

"ಬೇಡ ಮಾರಾಯ, ಎಲ್ಲಿ ಲೀಕ್ ಆಗ್ತದೆ ನೋಡು" ಎಂದೆ.

"ಎಂಸಿಬಿ ಉಂಟಲ್ಲ?"

ಉಂಟು. ಅದೂ ತಾನೇ ಬೀಳುವ ಸ್ವಿಚ್ಚೇ, ಆದರೆ ಕಾಯುವುದು ವಯರನ್ನು. 16 ಆಂಪಿಯರಿನದ್ದು ಅದಕ್ಕಿಂತ ಮೇಲೆ ಎಳೆದರೆ ಮಾತ್ರ ಬೀಳುತ್ತದೆ. ಇಎಲ್‌ಸಿಬಿ ಹಾಗಲ್ಲ, ಫೇಸ್ ವಯರಿನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲ್ ವಯರಿನಲ್ಲಿ ವಾಪಸು ಬಂದದ್ದನ್ನೂ ತಾಳೆ ನೋಡುತ್ತದೆ. 30 ಮಿಲಿ ಆಂಪಿಯರ್ ಬೇರೆ ದಾರಿ ಹಿಡಿಯಿತೆಂದರೆ ಕಡಿದುಬಿಡುತ್ತದೆ. ಆ ದಾರಿ ಮನುಷ್ಯನ ಮೈಯೇ ಆಗಿರಬಹುದು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಇವನಿಗೂ ಪಾಠ ಮಾಡಿದೆ. ಮುಖ ಸಣ್ಣದು ಮಾಡಿ ಕೇಳಿಸಿಕೊಂಡ.

ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತ. ಸ್ವಿಚ್ ಆಫ್ ಮಾಡಿದರೆ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಅದರಿಂದಲೂ ಲೀಕ್ ಆಗಬಹುದು. ಎಂಸಿಬಿಗಳನ್ನೆಲ್ಲ ಇಳಿಸಿ, ಇಎಲ್‌ಸಿಬಿ ಎತ್ತಿ, ಒಂದೊಂದನ್ನೇ ಏರಿಸುತ್ತ ಬಂದ. ಹಿಂದಿನ ಜಗಲಿಯದ್ದು ಏರಿಸಿದ್ದೇ ತಡ, ಟಪ್. ವಾಷಿಂಗ್ ಮೆಷಿನಿನ ಬೋರ್ಡು ಇರುವ ಲೈನು.

ಮೈನ್ ಇಳಿಸಿ ಬೋರ್ಡು ಬಿಚ್ಚಿದ. ಒಳಗೆ ಇರುವೆಗೂಡು! ಗೋಡೆಯಿಂದ ಇಳಿದ ನೀರಿಗೆ ಒದ್ದೆಯಾದ ಮಣ್ಣು, ಅದರಲ್ಲಿ ಬಿಳಿ ಮೊಟ್ಟೆಗಳು, ಬಾಯಲ್ಲಿ ಮೊಟ್ಟೆ ಕಚ್ಚಿ ಓಡುವ ಇರುವೆಗಳು. ಫೇಸಿನ ಸ್ಕ್ರೂವಿನಿಂದ ಅರ್ತಿನ, ಅಂದರೆ ನೆಲಕ್ಕೆ ಇಳಿಯುವ ವಯರಿನ, ಸ್ಕ್ರೂವಿನವರೆಗೆ ಹಸಿರು ಕಿಲುಬು ಬೆರೆತ ಕೆಸರು. ಡೈರೆಕ್ಟ್ ಕೊಟ್ಟಿದ್ದರೆ ಅದು ಅಲ್ಲೇ ಸದ್ದಿಲ್ಲದೆ ಲೀಕ್ ಆಗುತ್ತಿತ್ತು. ಅರ್ತ್ ಸರಿಯಿರುವಷ್ಟು ದಿನ ಹೇಗೋ ನಡೆದೀತು. ಆದರೆ ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಬೇಸಿಗೆಗೆ ಅರ್ತಿನ ಗುಂಡಿ ಒಣಗುತ್ತದೆ, ನೀರು ಹೊಯ್ಯುವವರು ಯಾರು? ಅರ್ತಿನ ಹಸಿರು ವಯರು ಎಲ್ಲಾದರೂ ಕಳಚಿದರೆ ಆ ಕರೆಂಟು ನೇರ ಮೆಷಿನಿನ ತಗಡಿಗೆ. ಬಟ್ಟೆ ಒಗೆಯುವಾಗ ಯಾರ ಕೈ ಒಣಗಿರುತ್ತದೆ?

ಬೋರ್ಡು ಬದಲಿಸುತ್ತ ಹುಡುಗನೇ ಬಾಯಿ ಬಿಟ್ಟ. "ಹುಡುಕಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ ಟೀಚರೇ? ಫ್ರಿಜ್ಜಿನ ಮೀನು ಹಾಳಾಗ್ತದೆ, ಬೇಗ ಕರೆಂಟು ಬರಲಿ ಅಂತಾರೆ. ಹುಡುಕ್ತಾ ಕೂತರೆ, ಇವನಿಗೆ ಕೆಲಸ ಗೊತ್ತಿಲ್ಲ ಅಂತ ಇನ್ನೊಬ್ಬನನ್ನು ಕರೀತಾರೆ."

ಅಲ್ಲಿಯವರೆಗೆ ಇವನ ಮೇಲಿದ್ದ ಸಿಟ್ಟು ಬೇರೆ ಕಡೆ ತಿರುಗಿತು. ಲಕ್ಷಗಟ್ಟಲೆ ಸುರಿದು ಟೈಲ್ಸ್ ಹಾಕಿಸುವವರು ಅರ್ಧ ದಿನದ ಕೂಲಿಗೆ ಚೌಕಾಸಿ ಮಾಡುತ್ತೇವೆ. ಇಎಲ್‌ಸಿಬಿಯಲ್ಲಿ ಟೆಸ್ಟ್ ಗುಂಡಿ ಇದೆ, ಒತ್ತಿದರೆ ಬೀಳಬೇಕು, ಬೀಳದಿದ್ದರೆ ಅದು ಸತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಬೇಡ, ವರ್ಷಕ್ಕೊಮ್ಮೆ ಒತ್ತುವವರು ನಮ್ಮ ಊರಲ್ಲಿ ಎಷ್ಟು ಜನ?

"ಎಲ್ಲರ ಮನೆ ಅಂದರೆ ಯಾರ್ಯಾರದ್ದು?" ಎಂದು ಕೇಳಿದೆ.

ತಲೆ ಕೆರೆದುಕೊಂಡ. "ನಿಮ್ಮ ಅಣ್ಣನವರದ್ದೂ ಉಂಟು."

ಅಣ್ಣನಿಗೆ ಫೋನ್ ಮಾಡಿದರೆ, "ಆಮೇಲೆ ಎಂತ ಕಿರಿಕಿರಿಯೂ ಇಲ್ಲ, ನಿನ್ನದು ಯಾವಾಗಲೂ ಪಾಠವೇ" ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ನಿನ್ನೆ ರಾತ್ರಿ ಅತ್ತಿಗೆಯ ಮೆಸೇಜ್ ಬಂತು: "ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಅಂತದೆ. ಹೇಳಿದರೆ ನಿನ್ನಣ್ಣ ನಗ್ತಾರೆ." ಮೈನ್ ಇಳಿಸಿ ಗೀಸರಿನ ಪ್ಲಗ್ ಈಗಲೇ ಕಿತ್ತಿಡಿ, ಬೆಳಗ್ಗೆ ಹುಡುಗನನ್ನು ಕರಕೊಂಡು ಬರುತ್ತೇನೆ, ದುಡ್ಡು ನನ್ನದೇ ಎಂದು ಬರೆದೆ.