ಚಿಕ್ಕಪ್ಪನ ಕ್ಯಾಮೆರಾ ಏಲಂಗೆ ಹೋಯಿತು

ಇಬೇ ಅನ್ನುವ ಆನ್‌ಲೈನ್ ಹರಾಜಿನ ಸೈಟ್‌ನಲ್ಲಿ ಮೊದಲ ಸಲ ಏನಾದರೂ ಮಾರಲು ಹೊರಟವರು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ: ಸಾಮಾನಿನ ಹುಳುಕನ್ನು ಮೊದಲು ನೀವೇ ಹೇಳಿಬಿಡಿ. ಉಳಿದದ್ದೆಲ್ಲ ಆಮೇಲೆ. ಇದನ್ನು ನನಗೆ ಕಲಿಸಿದ್ದು ಅಕ್ಕ. ಅವಳು ಟೆಕ್ಸಾಸ್‌ನಲ್ಲಿದ್ದುಕೊಂಡು ವರ್ಷಗಳಿಂದ ಹಳೇ ಗಡಿಯಾರ, ಪಿಂಗಾಣಿ ಸಾಮಾನು ಮಾರುತ್ತಿದ್ದಾಳೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಹಾಗಾಗಿ ಪಾಠವೆಲ್ಲ ಫೋನಿನಲ್ಲೇ.

ಮಾರಬೇಕಿದ್ದದ್ದು ಚಿಕ್ಕಪ್ಪನ ಪೆಂಟಾಕ್ಸ್ ಕೆ1000. ಬಹರೈನ್‌ನಲ್ಲಿ ಕೆಲಸಕ್ಕಿದ್ದಾಗ ಅವರು ಕೊಂಡ ಕ್ಯಾಮೆರಾ. ಊರಿಗೆ ವಾಪಸಾದ ಮೇಲೆ ಅದು ಪುತ್ತೂರಿನ ಮನೆಯ ಕಪಾಟಿನಲ್ಲೇ ಕೂತಿತ್ತು. ಕಳೆದ ಸಲ ಹೋಗಿದ್ದಾಗ ಕೈಗಿಟ್ಟು, "ಇಲ್ಲಿ ಫಿಲ್ಮು ಎಲ್ಲಿ ಸಿಗ್ತದೆ ಮಾರಾಯ? ನೀನು ಅಲ್ಲೇ ಮಾರು" ಅಂದರು. 1976ರಿಂದ 1997ರವರೆಗೆ ತಯಾರಾದ ಮಾಡೆಲ್ ಇದು. ಫಿಲ್ಮಿಗೆ ಬೆಳಕು ಬಿಡುವ ಪರದೆ, ಅಂದರೆ ಶಟರ್, ಪೂರ್ತಿ ಮೆಕ್ಯಾನಿಕಲ್; ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರ್‌ಗೆ ಮಾತ್ರ. ಫಿಲ್ಮ್ ಫೋಟೋಗ್ರಫಿ ಕಲಿಯುವ ಹುಡುಗರು ಈಗಲೂ ಇದನ್ನೇ ಹುಡುಕುತ್ತಾರೆ.

ಇಬೇಯಲ್ಲಿ ಹುಡುಕಿದೆ. ಮುನ್ನೂರು ಡಾಲರ್, ಮುನ್ನೂರೈವತ್ತು ಡಾಲರ್ ಅಂತೆಲ್ಲ ಕಂಡಿತು. ಖುಷಿಯಿಂದ ಅಕ್ಕನಿಗೆ ಹೇಳಿದೆ.

"ಅದು ಅವರು ಕೇಳುವ ಬೆಲೆ ಮಾರಾಯ. ಜನ ಕೊಟ್ಟ ಬೆಲೆ ಬೇರೆ ಉಂಟು. ಫಿಲ್ಟರ್‌ನಲ್ಲಿ ‘ಸೋಲ್ಡ್ ಐಟಮ್ಸ್’ ಒತ್ತಿ ನೋಡು."

ಒತ್ತಿದೆ. ಮುನ್ನೂರರವು ಒಂದೂ ಇಲ್ಲ. ಲೆನ್ಸ್ ಸಮೇತ ಚೆನ್ನಾಗಿರುವವು ನೂರರಿಂದ ನೂರೈವತ್ತಕ್ಕೆ ಹೋಗಿದ್ದವು. ಕೆಟ್ಟವು ಮೂವತ್ತು, ನಲವತ್ತಕ್ಕೆ. ನಮ್ಮದು ಇವೆರಡರ ಮಧ್ಯೆ ಎಲ್ಲೋ ಇತ್ತು. ಯಾಕೆಂದರೆ ಲೆನ್ಸ್‌ಗೆ ಟಾರ್ಚ್ ಹಿಡಿದು ನೋಡಿದಾಗ ಒಳಗಡೆ ಅಂಚಿನಲ್ಲಿ ಸಣ್ಣ ಎಳೆಗಳು ಕಂಡವು. ಫಂಗಸ್. ಕರಾವಳಿಯ ಅಷ್ಟು ಮಳೆಗಾಲ ಕಪಾಟಿನ ಕತ್ತಲಲ್ಲಿ ಕಳೆದ ಲೆನ್ಸ್‌ಗೆ ಬೂಷ್ಟು ಹಿಡಿಯದೆ ಇರುತ್ತದಾ? ಹಿಂದಿನ ಬಾಗಿಲಿನ ಅಂಚಿಗಿದ್ದ ಕಪ್ಪು ಸ್ಪಂಜು ಟಾರಿನ ಹಾಗೆ ಕರಗಿ ಬೆರಳಿಗೆ ಅಂಟುತ್ತಿತ್ತು. ಶಟರ್ ಒಂದು ಸೆಕೆಂಡಿಗೆ ಇಟ್ಟರೆ ಎಳೆದುಕೊಂಡು ಎಳೆದುಕೊಂಡು ಮುಚ್ಚುತ್ತಿತ್ತು.

‘ಟೆಸ್ಟ್ ಮಾಡಿಲ್ಲ, ಇದ್ದ ಹಾಗೇ ಮಾರುತ್ತಿದ್ದೇನೆ’ ಅಂತ ಬರೆದರೆ ಆಯ್ತಲ್ವಾ ಅಂತ ಕೇಳಿದೆ. ತುಂಬಾ ಜನ ಹಾಗೇ ಬರೆಯುತ್ತಾರೆ. ಅಕ್ಕ ನಕ್ಕಳು. "ಟೆಸ್ಟ್ ಮಾಡಿಲ್ಲ ಅಂದ್ರೆ ಕೊಳ್ಳುವವರು ಹಾಳಾಗಿದೆ ಅಂತಲೇ ಓದುದು." ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ‘ರಿಟರ್ನ್ ಇಲ್ಲ’ ಅಂತ ದಪ್ಪಕ್ಷರದಲ್ಲಿ ಹಾಕಿದರೂ, ವಿವರಣೆಯಲ್ಲಿ ಹೇಳಿದ ಹಾಗೆ ಸಾಮಾನು ಇಲ್ಲ ಅಂತ ಕೊಂಡವರು ತಕರಾರು ಎತ್ತಿದರೆ ವಾಪಸ್ ತೆಗೆದುಕೊಳ್ಳಲೇಬೇಕು. ವಾಪಸ್ ಬರುವ ಪಾರ್ಸೆಲ್ ಖರ್ಚೂ ನಮ್ಮದೇ. ಹೇಳಿಟ್ಟ ದೋಷಕ್ಕೆ ಮಾತ್ರ ಆ ಭಯ ಇಲ್ಲ.

ಹಾಗಾಗಿ ಕಿಟಕಿ ಬೆಳಕಿನಲ್ಲಿ, ಬಿಳಿ ಪಂಚೆ ಹಾಸಿ ಫೋಟೋ ತೆಗೆದೆ. ಚಂದದ ಫೋಟೋಗಳು ನಾಲ್ಕೈದು, ಉಳಿದವೆಲ್ಲ ಹುಳುಕಿನವು. ಫಂಗಸ್ ಕಾಣಲಿ ಅಂತ ಲೆನ್ಸ್‌ನ ಹಿಂದಿನಿಂದ ಟಾರ್ಚ್ ಬಿಟ್ಟು ಒಂದು. ಕರಗಿದ ಸ್ಪಂಜಿನದ್ದು ಒಂದು. ಸೀರಿಯಲ್ ನಂಬರ್‌ದು ಒಂದು. ಈ ಕೊನೆಯದನ್ನು ಬಿಡಲೇಬೇಡಿ. ನಿಮ್ಮ ಒಳ್ಳೇ ಕ್ಯಾಮೆರಾ ಇಟ್ಟುಕೊಂಡು ತಮ್ಮ ಕೆಟ್ಟದ್ದನ್ನು ವಾಪಸ್ ಕಳಿಸುವ ಪುಣ್ಯಾತ್ಮರೂ ಇದ್ದಾರೆ. ಟೈಟಲ್‌ಗೆ ಸಿಗುವುದು 80 ಅಕ್ಷರ. ಅದರಲ್ಲಿ ‘ವಾವ್’, ‘ಸೂಪರ್’ ಎಲ್ಲ ಸುಮ್ನೆ ದಂಡ. ಹುಡುಕುವವರು ಟೈಪ್ ಮಾಡುವುದು ಕಂಪನಿ, ಮಾಡೆಲ್, ಲೆನ್ಸ್ ಅಷ್ಟನ್ನೇ.

ಅಂದಹಾಗೆ, 1995ರಲ್ಲಿ ಇಬೇ ಶುರುವಾದಾಗ ಅದರಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರ್‌ಗೆ. ಅದು ಕೆಟ್ಟದ್ದು ಅಂತ ಗೊತ್ತಿದ್ದೇ ಒಬ್ಬರು ಕೊಂಡಿದ್ದರು. ನನಗೆ ಧೈರ್ಯ ಬಂದದ್ದು ಈ ಕಥೆಯಿಂದ.

ಶುರುವಿನ ಬೆಲೆ ನಲವತ್ತು ಡಾಲರ್ ಇಟ್ಟೆ. 99 ಸೆಂಟ್ಸ್‌ನಿಂದ ಶುರು ಮಾಡಿದರೆ ಜನ ಮುತ್ತಿಕೊಳ್ಳುತ್ತಾರೆ ಅಂತ ಕೆಲವರು ಹೇಳುತ್ತಾರೆ. ಮುತ್ತಿಕೊಳ್ಳದಿದ್ದರೆ? ಒಬ್ಬನೇ ಬಂದರೆ 99 ಸೆಂಟ್ಸ್‌ಗೇ ಕೊಡಬೇಕು. ಎಷ್ಟಕ್ಕೆ ಹೋದರೆ ಹೊಟ್ಟೆ ಉರಿಯುವುದಿಲ್ಲವೋ ಅದೇ ಶುರುವಿನ ಬೆಲೆ ಆಗಲಿ. ಏಳು ದಿನದ ಹರಾಜು, ಭಾನುವಾರ ರಾತ್ರಿ ಒಂಬತ್ತಕ್ಕೆ ಶುರು. ಶುರುವಾದ ಹೊತ್ತಿಗೇ ಮುಗಿಯುವುದರಿಂದ ಮುಂದಿನ ಭಾನುವಾರ ಒಂಬತ್ತಕ್ಕೆ ಮುಕ್ತಾಯ. ಆಗ ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಆರು. ಪೂರ್ವ, ಪಶ್ಚಿಮ ಎರಡೂ ಕಡೆಯವರು ಮನೆಯಲ್ಲಿರುತ್ತಾರೆ.

ವಾರವಿಡೀ ಬಿಡ್‌ಗಿಂತ, ಅಂದರೆ ಬೆಲೆ ಕೂಗುವುದಕ್ಕಿಂತ, ಮೆಸೇಜೇ ಜಾಸ್ತಿ ಬಂದವು. ಒಬ್ಬರು ಕೇಳಿದರು: ನಿಧಾನದ ಶಟರ್ ಸ್ಪೀಡ್‌ಗಳು ಹೇಗಿವೆ? ಫೋನಿನಲ್ಲಿ ವಿಡಿಯೋ ಮಾಡಿ ನೋಡಿ, 1/15 ಸೆಕೆಂಡಿಗಿಂತ ನಿಧಾನದವು ಎಳೆಯುತ್ತವೆ ಅಂತ ಉತ್ತರಿಸಿದೆ. ಅದನ್ನೇ ವಿವರಣೆಗೂ ಸೇರಿಸಿದೆ. ಇನ್ನೊಬ್ಬ, ಹರಾಜು ನಿಲ್ಲಿಸಿ, ಇನ್ನೂರು ಡಾಲರ್ ಕೊಡುತ್ತೇನೆ, ಫೋನ್ ನಂಬರ್ ಕಳಿಸಿ ಅಂದ. ಚೆನ್ನಾಗಿರುವ ಕ್ಯಾಮೆರಾಗೇ ಅಷ್ಟು ಬರುವುದಿಲ್ಲ, ಫಂಗಸ್ ಹಿಡಿದದ್ದಕ್ಕೆ ಯಾರು ಕೊಡುತ್ತಾರೆ? ಇಂಥವರ ಕಥೆ ಮುಂದೆ ಹೇಗೆ ಸಾಗುತ್ತದೆ ಅಂತ ಅಕ್ಕನಿಗೆ ಬಾಯಿಪಾಠ. ಹಣ ಬಂದಿದೆ, ಪಾರ್ಸೆಲ್ ಕಳಿಸಿ ಟ್ರ್ಯಾಕಿಂಗ್ ನಂಬರ್ ಕೊಟ್ಟರೆ ಬಿಡುಗಡೆ ಮಾಡುತ್ತೇವೆ ಅಂತ ಒಂದು ಸುಳ್ಳು ಇಮೇಲ್ ಬರುತ್ತದೆ. ಕಳಿಸಿದರೆ ಕ್ಯಾಮೆರಾವೂ ಇಲ್ಲ, ದುಡ್ಡೂ ಇಲ್ಲ. ಮಾತಾಗಲಿ, ದುಡ್ಡಾಗಲಿ, ಸೈಟ್‌ನ ಒಳಗೇ ನಡೆಯಬೇಕು.

ಇಲ್ಲಿನ ಗೆಳೆಯರೊಬ್ಬರು ಪ್ರೀತಿಯಿಂದಲೇ, "ನಾನೂ ಒಂದೆರಡು ಬಿಡ್ ಹಾಕಿ ಬೆಲೆ ಏರಿಸ್ಲಾ?" ಅಂದರು. ಬೇಡ ಸರ್ ಅಂದೆ. ಅದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅಕೌಂಟೇ ಹೋಗುತ್ತದೆ.

ಕೊನೆಯ ಭಾನುವಾರ ರಾತ್ರಿ ಎಂಟೂಮುಕ್ಕಾಲಾದರೂ ಬೆಲೆ 52 ಡಾಲರ್‌ನಲ್ಲೇ ನಿಂತಿತ್ತು. ನನಗೆ ಗೊತ್ತಿದ್ದದ್ದು ನಮ್ಮೂರ ಗಣೇಶೋತ್ಸವದ ಏಲಂ. ಅಲ್ಲಿ "ಒಂದು ಸಲ, ಎರಡು ಸಲ" ಅನ್ನುವಾಗ ಯಾರಾದರೂ ಕೂಗಿದರೆ ಮತ್ತೆ ಮೊದಲಿನಿಂದ. ಒಂದು ತೆಂಗಿನಕಾಯಿಗೆ ಅರ್ಧ ಗಂಟೆ ಹಿಡಿದದ್ದೂ ಉಂಟು. ಇಬೇಯಲ್ಲಿ ಹಾಗಿಲ್ಲ. ಒಂಬತ್ತು ಅಂದರೆ ಒಂಬತ್ತು. ಅದಕ್ಕೇ ಪಳಗಿದವರು ಕೊನೆಯ ಸೆಕೆಂಡುಗಳವರೆಗೆ ಬಾಯಿ ಬಿಡುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಬಿಡ್ ಮಾಡುವವರು ತಮ್ಮ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಹಾಕಿಟ್ಟಿರುತ್ತಾರೆ. ಅವರ ಪರವಾಗಿ ಸೈಟೇ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ಒಬ್ಬ 120 ಹಾಕಿದ್ದು, ಇನ್ನೊಬ್ಬ 86 ಹಾಕಿದರೆ, ಮೊದಲನೆಯವನು ಗೆಲ್ಲುವುದು 87ಕ್ಕೆ. ಅಂದರೆ ಬೆಲೆ ಕಟ್ಟುವವನು ಗೆದ್ದವನಲ್ಲ, ಎರಡನೆಯವನು. ನಮ್ಮ ಸಾಮಾನಿನ ಮೇಲೆ ನಂಬಿಕೆ ಇಟ್ಟವರು ಇಬ್ಬರಾದರೂ ಬೇಕು. ಮಸುಕು ಫೋಟೋ, ಅರ್ಧ ಮಾಹಿತಿ ಇದ್ದರೆ ಧೈರ್ಯ ಮಾಡುವವನು ಒಬ್ಬನೇ, ಅವನೂ ಅಗ್ಗಕ್ಕೆ.

ಎಂಟೂ ಐವತ್ತೆಂಟಕ್ಕೆ 61. ಕೊನೆಯ ಅರ್ಧ ನಿಮಿಷದಲ್ಲಿ 74. ಪೇಜ್ ರಿಫ್ರೆಶ್ ಮಾಡುವಷ್ಟರಲ್ಲಿ ಹರಾಜು ಮುಗಿದಿತ್ತು: 87 ಡಾಲರ್. ಗೆದ್ದವರು ಶಟರ್ ಬಗ್ಗೆ ಕೇಳಿದವರೇ.

ಪ್ಯಾಕಿಂಗ್ ಬಗ್ಗೆ ಅಕ್ಕನ ನಿಯಮ ಒಂದೇ: ಡಬ್ಬ ಅಲ್ಲಾಡಿಸಿದರೆ ಸದ್ದು ಬರಬಾರದು. ಬ್ಯಾಟರಿ ತೆಗೆದೆ, ಲೆನ್ಸ್ ಬಿಚ್ಚಿ ಬೇರೆ ಸುತ್ತಿದೆ, ಡಬ್ಬದೊಳಗೆ ಡಬ್ಬ ಇಟ್ಟೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮನೆಯಲ್ಲೇ ಲೇಬಲ್ ಪ್ರಿಂಟ್ ಮಾಡಿದೆ. ತೂಕವನ್ನು ಅಂದಾಜಿನಲ್ಲಿ ಹಾಕಬೇಡಿ, ಕಮ್ಮಿ ತೋರಿಸಿದರೆ ಆಮೇಲೆ ವಸೂಲಿ ಮಾಡುತ್ತಾರೆ.

ಹೊಸಬರ ದುಡ್ಡನ್ನು ಇಬೇಯವರು ಕೂಡಲೇ ಕೈಗೆ ಕೊಡುವುದಿಲ್ಲ. ಪಾರ್ಸೆಲ್ ತಲುಪುವವರೆಗೆ ಹಿಡಿದಿಡುತ್ತಾರೆ. ಸುಮಾರು ಹದಿಮೂರು ಪರ್ಸೆಂಟ್ ಅವರ ಫೀ, ಅದೂ ಪಾರ್ಸೆಲ್ ಖರ್ಚು, ತೆರಿಗೆ ಎಲ್ಲ ಸೇರಿದ ಮೊತ್ತದ ಮೇಲೆ. ನನ್ನ ಕೈಗೆ ಬಂದದ್ದು ಎಪ್ಪತ್ತೆರಡು ಡಾಲರ್ ಚಿಲ್ಲರೆ.

ಕೊಂಡವರು ಒಳ್ಳೇ ಫೀಡ್‌ಬ್ಯಾಕ್ ಹಾಕಿದರು. ಲೆನ್ಸ್ ಬಿಚ್ಚಿ ಫಂಗಸ್ ಒರೆಸುವುದು ಅವರಿಗೆ ಹವ್ಯಾಸವಂತೆ. ಜೊತೆಗೆ ಒಂದು ಪ್ರಶ್ನೆ: ಇದರ ಲೆದರ್ ಕೇಸ್ ಏನಾದರೂ ಇದೆಯಾ? ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ.

"ಕೇಸು ಉಂಟಲ್ಲ, ಅದರಲ್ಲಿ ನಾನು ಕರೆಂಟ್ ಬಿಲ್ ಇಟ್ಟಿದ್ದೇನೆ" ಅಂದರು. ಎರಡು ನಿಮಿಷ ಬಿಟ್ಟು ಅವರೇ ತಿರುಗಿ ಫೋನ್ ಮಾಡಿದರು. "ಎಷ್ಟು ಕೊಡ್ತಾನಂತೆ?"